ಮಲಪ್ರಭೆಯ ಅಗಲ ಎಲ್ಲಿ ಹೋಯಿತು?

ಮಳೆಗಾಲಕ್ಕೆ ಮುಂಚೆ ಗ್ರಾಮಸಭೆಗೆ ಬನ್ನಿ! ಹೊಳೆಯ ಗಡಿ ಅಳೆಸೋಣ ಬನ್ನಿ!

ಹೊಳೆಸಾಲಿನ ಬಂಧುಗಳೇ,

ಮುಂಗಾರಿಗೆ ಇನ್ನೂ ಸ್ವಲ್ಪ ದಿನ ಇದೆ. ಹೊಳೆ ಒಣಗಿ ಬಿದ್ದಿದೆ. ಮಡುವಿನಲ್ಲಿ ಎಮ್ಮೆಯ ಬೆನ್ನು ತೋಯುವಷ್ಟು ನೀರಿದ್ದರೆ ಹೆಚ್ಚು. ಇಂಥ ಬಿಸಿಲಿನಲ್ಲಿ ಮಹಾಪೂರದ ಮಾತು ಯಾಕೆ ಎಂದು ನೀವು ಕೇಳಬಹುದು. ಹೊಳೆಯನ್ನು ಅಳೆಯಲು ಇದೇ ತಕ್ಕ ಹೊತ್ತು. ನೀರು ಬಂದ ಮೇಲೆ ಅಳೆಯುವುದು ಬಿದ್ದ ಗೋಡೆಯನ್ನು ಮಾತ್ರ, ಅದೂ ಪಂಚನಾಮೆಗೆ.

ಈ ಕಾಗದ ಸವದತ್ತಿ, ರಾಮದುರ್ಗ, ನರಗುಂದ, ರೋಣ, ಬಾದಾಮಿ, ಹುನಗುಂದ ತಾಲೂಕುಗಳಲ್ಲಿ ಮಲಪ್ರಭೆಯ ದಂಡೆಗೆ ಇರುವ ಎಲ್ಲರಿಗೆ. ಬೆಣ್ಣಿಹಳ್ಳ, ತುಪ್ಪರಿಹಳ್ಳದ ಬದಿಯ ನವಲಗುಂದ ಕಡೆಯವರಿಗೂ. ಸ್ವಲ್ಪ ಉದ್ದ ಇದೆ. ಕಟ್ಟೆಯ ಮೇಲೆ ಕೂತು ಒಬ್ಬರು ಓದಿ, ನಾಲ್ಕು ಜನ ಕೇಳಿ.

ಮೊದಲು ನಮ್ಮ ಹಣೆಬರಹದ ವಿಚಿತ್ರ ನೋಡಿ. ಮಲಪ್ರಭೆಯ ಹೆಸರಿನಲ್ಲಿ ನಾವು ಬಡಿದಾಡಿದ್ದೆಲ್ಲ ನೀರು ಸಾಲದು ಎಂದು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತು. ಕಾಲುವೆಯ ನೀರು ಹೊಲಕ್ಕೆ ಸರಿಯಾಗಿ ಬರುವ ಮೊದಲೇ ಕರದ ನೋಟಿಸು ಬಂದದ್ದು ಅದರ ಹಿಂದಿನ ಸಿಟ್ಟು. ಇಂದಿಗೂ ಆ ದಿನ ಹುತಾತ್ಮರ ವೀರಗಲ್ಲಿಗೆ ಹಾರ ಹಾಕುತ್ತೇವೆ. 2015ರ ಜುಲೈಯಲ್ಲಿ ಮತ್ತೆ ನರಗುಂದದಲ್ಲಿ ಪೆಂಡಾಲು ಬಿತ್ತು, ಈ ಸಲ ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗಾಗಿ. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ತೀರ್ಪು ಕೊಟ್ಟಿತು: ಕಳಸಾ, ಬಂಡೂರಿ ಎರಡೂ ಸೇರಿ ಮಲಪ್ರಭೆಗೆ 3.90 ಟಿಎಂಸಿ. ಸರಿಯಾಗಿ ಒಂದು ವರ್ಷ ಕಳೆದು 2019ರ ಆಗಸ್ಟ್ ಬಂದಾಗ ಅದೇ ಮಲಪ್ರಭೆ ನಮ್ಮ ಹಗೇವು, ಹಿತ್ತಲು, ಪಡಸಾಲೆಗಳಲ್ಲಿ ನಿಂತಿತ್ತು.

ಸ್ವಲ್ಪ ಲೆಕ್ಕ ಮಾಡಿ. ಒಂದು ಲಕ್ಷ ಕ್ಯುಸೆಕ್ ಹರಿವು ಅಂದರೆ ದಿನಕ್ಕೆ 8.64 ಟಿಎಂಸಿ. ವರ್ಷಗಟ್ಟಲೆ ರಸ್ತೆಯಲ್ಲಿ ಕೂತು, ಬಂದ್ ಮಾಡಿ, ಕೇಸು ಹಾಕಿಸಿಕೊಂಡು ಕೇಳಿದ ಆ 3.90 ಟಿಎಂಸಿ ಅಂಥ ಹರಿವಿನಲ್ಲಿ 11 ತಾಸಿನೊಳಗೆ ಮನೆ ಮುಂದೆ ದಾಟಿಹೋಗುತ್ತದೆ. ಬೇಕಾದಾಗ ಬರಲಿಲ್ಲ, ಬಂದಾಗ ಹಿಡಿದುಕೊಳ್ಳಲು ಜಾಗವಿರಲಿಲ್ಲ, ದಾಟಿಹೋಗಲು ದಾರಿಯೂ ಇರಲಿಲ್ಲ.

ಆ ದಾರಿಯ ಬಗ್ಗೆಯೇ ನಮ್ಮ ಮಾತು. ಮಳೆ ಎಷ್ಟು ಬೀಳಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ. ಬಿದ್ದ ಮಳೆ ಹರಿಯುವ ಹೊಳೆ ಎಷ್ಟು ಅಗಲ ಇರಬೇಕು ಅನ್ನುವುದು ನೂರಕ್ಕೆ ನೂರು ನಮ್ಮ ಕೈಯಲ್ಲೇ ಇದೆ. ನಾವು ಅದನ್ನು ಮಾರಿದ್ದೇವೆ, ಉತ್ತಿದ್ದೇವೆ, ಮುಚ್ಚಿದ್ದೇವೆ, ಕಂಟಿ ಬೆಳೆಯಲು ಬಿಟ್ಟಿದ್ದೇವೆ.

ದೇವರ ಪಾಲು ಮೊದಲು ಹೇಳೋಣ, ಮನುಷ್ಯರ ಪಾಲು ಆಮೇಲೆ.

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ನೆತ್ತಿಯಲ್ಲಿ. ಅಲ್ಲಿ ವರ್ಷದ ಮಳೆ 3,000 ಮಿಲಿಮೀಟರ್ ದಾಟುತ್ತದೆ. ನಮ್ಮ ನವಲಗುಂದ, ರೋಣದ ಬಯಲಿನಲ್ಲಿ 600ರ ಆಸುಪಾಸು. ಹೀಗಾಗಿ ಜುಲೈ, ಆಗಸ್ಟ್‌ನಲ್ಲಿ ನಮ್ಮ ತಲೆಯ ಮೇಲೆ ಬಿಸಿಲು ಇದ್ದಾಗಲೂ ಕಾಲಕೆಳಗೆ ಹೊಳೆ ಏರಬಹುದು. ಮುಗಿಲು ನೋಡಿ ಹೊಳೆಯನ್ನು ಅಂದಾಜು ಮಾಡುವವರು ಇಲ್ಲೇ ತಪ್ಪುತ್ತಾರೆ. 2019ರ ಮಹಾಪೂರ ಈ ಜಾತಿಯದು: ಘಟ್ಟದಲ್ಲಿ ದಿನಗಟ್ಟಲೆ ಎಡೆಬಿಡದೆ ಸುರಿದ ಮಳೆ, ಎಷ್ಟೋ ವರ್ಷ ತುಂಬದೆ ಬಾಯಿ ಬಿಟ್ಟುಕೊಂಡಿದ್ದ ನವಿಲುತೀರ್ಥದ ಜಲಾಶಯ ಕೆಲವೇ ದಿನಗಳಲ್ಲಿ ಭರ್ತಿ, ಆಮೇಲೆ ಗೇಟು.

2009ರದ್ದು ಬೇರೆ ಜಾತಿ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳು. ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ವಾಯುಭಾರ ಕುಸಿತದ ಮಳೆ ಘಟ್ಟ ಬಿಟ್ಟು ನೇರವಾಗಿ ಬಯಲಿನ ಮೇಲೆಯೇ ಬಿತ್ತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಆ ಸಲದ ಕಥೆಯಲ್ಲಿ ಬೆಣ್ಣಿಹಳ್ಳದಂಥ ಹಳ್ಳಗಳದ್ದೇ ದೊಡ್ಡ ಪಾತ್ರ. ಶಿಗ್ಗಾವಿ ಕಡೆಯಿಂದ ಹೊರಟು, ಹುಬ್ಬಳ್ಳಿ, ನವಲಗುಂದದ ಎರೆಭೂಮಿಯ ನೀರನ್ನೆಲ್ಲ ಬಾಚಿಕೊಂಡು, ರೋಣ ತಾಲೂಕಿನಲ್ಲಿ ಮಲಪ್ರಭೆಗೆ ಬಂದು ಬೀಳುವ ಈ ಹಳ್ಳಕ್ಕೆ ತಡೆಯುವ ದೊಡ್ಡ ಅಣೆಕಟ್ಟಿಲ್ಲ, ಗೇಟಿಲ್ಲ, ಸೈರನ್ ಇಲ್ಲ. ಬೇಸಿಗೆಯಲ್ಲಿ ಹಾರಿ ದಾಟುವಂತೆ ಕಾಣುತ್ತದೆ. ಒಂದು ರಾತ್ರಿಯಲ್ಲಿ ಹೊಳೆಯ ಗಾತ್ರಕ್ಕೆ ಬರುತ್ತದೆ.

ಎರೆ ಮಣ್ಣಿನ ಸ್ವಭಾವ ಗೊತ್ತಲ್ಲ? ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಮೊದಲ ಮಳೆಯನ್ನು ಗಟಗಟ ಕುಡಿಯುತ್ತದೆ. ಕುಡಿದು ಉಬ್ಬಿ ಬಿರುಕು ಮುಚ್ಚಿಕೊಂಡ ಮೇಲೆ ಹನಿ ನೀರನ್ನೂ ಒಳಗೆ ಬಿಡುವುದಿಲ್ಲ. ಅದಕ್ಕೇ ಮಳೆಗಾಲದ ಕೊನೆಯ ಜೋರು ಮಳೆ ಮೊದಲಿನದಕ್ಕಿಂತ ಅಪಾಯದ್ದು. ಬಿದ್ದದ್ದೆಲ್ಲ ಹಳ್ಳಕ್ಕೆ ಓಡುತ್ತದೆ, ಜೊತೆಗೆ ನಮ್ಮ ಮೇಲ್ಮಣ್ಣನ್ನೂ ಎತ್ತಿಕೊಂಡು. ಬದು ಹಾಕದ, ಇಳಿಜಾರಿಗೆ ಉದ್ದಕ್ಕೆ ಉತ್ತ ಹೊಲ ಈ ಓಟವನ್ನು ಇನ್ನಷ್ಟು ಚುರುಕು ಮಾಡುತ್ತದೆ.

ಇನ್ನೊಂದು ಸಂಗತಿ ಕೊನೆಯ ಊರುಗಳಿಗೆ ಸೇರಿದ್ದು. ಮಲಪ್ರಭೆ ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ನಡುವೆ ಹಾದು, ಪಟ್ಟದಕಲ್ಲು, ಐಹೊಳೆ ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ನಿಂತಿರುತ್ತದೆ. ಮೇಲಿನಿಂದ ಕೃಷ್ಣೆಯೂ ತುಂಬಿ ಬಂದರೆ ಮಲಪ್ರಭೆಗೆ ಮುಂದೆ ಹೋಗಲು ಎಡೆ ಸಿಗುವುದಿಲ್ಲ, ಹಿಂದಕ್ಕೆ ಒತ್ತುತ್ತದೆ. ಎರಡೂ ಹೊಳೆ ಒಟ್ಟಿಗೆ ಏರಿದ ವರ್ಷ ಹುನಗುಂದ ಕಡೆಯವರ ಪಾಡು ಬೇರೆಯೇ.

ಹವಾಮಾನವೂ ಕೆಟ್ಟಿದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹೊರಬಲ್ಲ ತೇವ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ತಿಂಗಳಿಡೀ ಬೀಳಬೇಕಾದದ್ದು ಮೂರು ದಿನದಲ್ಲಿ ಬೀಳುವುದು ಹೀಗೆ. ಇದನ್ನು ನಮ್ಮ ಗ್ರಾಮ ಪಂಚಾಯಿತಿ ಸರಿ ಮಾಡಲಾರದು. ಆದರೆ ಮಳೆ ಹೀಗೆ ಬೀಳುವ ಕಾಲದಲ್ಲಿ ಹೊಳೆಗೆ ಮೊದಲಿಗಿಂತ ಹೆಚ್ಚು ಜಾಗ ಬೇಕು ಅನ್ನುವುದು ಯಾರಿಗಾದರೂ ತಿಳಿಯುವ ಮಾತು. ನಾವು ಕೊಟ್ಟದ್ದು ಮೊದಲಿಗಿಂತ ಕಡಿಮೆ.

ಇಲ್ಲಿಂದ ಮನುಷ್ಯರ ಪಾಲು.

ಹಳೆಯ ಗ್ರಾಮ ನಕಾಶೆ ತೆಗೆದು ನೋಡಿ. ಹೊಳೆಯ ಎರಡು ಗೆರೆಗಳ ನಡುವೆ ಎಷ್ಟು ಅಂತರ ಇದೆ? ಈಗ ದಂಡೆಗೆ ಹೋಗಿ ನಿಂತು ನೋಡಿ. ಹಲವು ಕಡೆ ಆ ಗೆರೆಯ ಮೇಲೆ ಕಬ್ಬು ನಿಂತಿದೆ, ಗೋವಿನಜೋಳ ನಿಂತಿದೆ, ಪಂಪ್‌ಸೆಟ್ಟಿನ ಮನೆ ನಿಂತಿದೆ. ಇದು ಒಂದೇ ದಿನ ಆದದ್ದಲ್ಲ. ಡ್ಯಾಮು ಕಟ್ಟಿದ ಮೇಲೆ, 1970ರ ದಶಕದಿಂದ ಈಚೆಗೆ, ಎಷ್ಟೋ ವರ್ಷ ಕೆಳಗೆ ನೀರೇ ಬಿಡಲಿಲ್ಲ. ಹೊಳೆ ಹಳ್ಳವಾಯಿತು, ಹಳ್ಳ ಗೀರಾಯಿತು. ಬರದ ವರ್ಷಗಳಲ್ಲಿ ಒಣ ಪಾತ್ರದ ಮೆಕ್ಕಲು ಮಣ್ಣು ಕಣ್ಣಿಗೆ ಬಿತ್ತು. ಒಬ್ಬರು ನಾಲ್ಕು ಸಾಲು ಮುಂದೆ ಉತ್ತರು, ಪಕ್ಕದವರು ತಾವೇಕೆ ಕಡಿಮೆ ಎಂದು ಎಂಟು ಸಾಲು. ಯಾರೂ ತಡೆಯಲಿಲ್ಲ. ಮಗನ ಕಾಲಕ್ಕೆ ಅದು ತಲೆತಲಾಂತರದ ಹೊಲ.

ಅಗಲ ಕಳೆದರೆ ಏನಾಗುತ್ತದೆ? ಎಂಜಿನಿಯರಿಂಗ್ ಓದಿದ ನಿಮ್ಮ ಮಕ್ಕಳನ್ನೇ ಕೇಳಿ, ಹೇಳುತ್ತಾರೆ. ಅಷ್ಟೇ ನೀರು, ಅಷ್ಟೇ ಇಳಿಜಾರು, ಆದರೆ ಪಾತ್ರದ ಅಗಲ ಅರ್ಧವಾಯಿತು ಅಂದುಕೊಳ್ಳಿ. ನೀರಿನ ಎತ್ತರ ಸುಮಾರು ಒಂದೂವರೆ ಪಟ್ಟಾಗುತ್ತದೆ. ಮೊದಲು 20 ಅಡಿ ಹರಿಯುತ್ತಿದ್ದ ಜಾಗದಲ್ಲಿ 30 ಅಡಿ. ಆ ಹೆಚ್ಚಿನ ಹತ್ತಡಿಗೆ ಮುಗಿಲಿನಿಂದ ಒಂದು ಹನಿಯೂ ಹೆಚ್ಚು ಬೀಳಬೇಕಾಗಿಲ್ಲ. ಬನಶಂಕರಿ ಜಾತ್ರೆಯ ಅಷ್ಟೂ ಜನರನ್ನು ತೇರುಬೀದಿ ಬಿಡಿಸಿ ಒಂದು ಓಣಿಯೊಳಗೆ ನುಗ್ಗಿಸಿದರೆ ಜನ ಮಾಳಿಗೆ ಹತ್ತದೆ ಇನ್ನೇನು ಮಾಡುತ್ತಾರೆ?

ಉಳಿದ ಪಾತ್ರದಲ್ಲಾದರೂ ನೀರು ಸಲೀಸಾಗಿ ಹರಿಯುತ್ತದೆಯೇ? ಅಲ್ಲಿ ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಈ ಗಿಡ ಉರವಲಿಗೆ ಒಳ್ಳೆಯದು, ಹೊಳೆಯ ಹೊಟ್ಟೆಯಲ್ಲಿ ಕೆಟ್ಟದ್ದು. ದಟ್ಟ ಕಂಟಿ ನೀರಿನ ಓಟ ತಗ್ಗಿಸುತ್ತದೆ. ಓಟ ತಗ್ಗಿದ ನೀರು ಮೇಲೇರುತ್ತದೆ. ಹೂಳು, ಬೇಲಿಯ ಮುಳ್ಳು, ಕಬ್ಬಿನ ರವದಿ, ಪ್ಲಾಸ್ಟಿಕ್ ಎಲ್ಲ ಅದರ ಬುಡಕ್ಕೆ ಸಿಕ್ಕಿಕೊಂಡು ಅಲ್ಲೇ ಒಂದು ಪುಟ್ಟ ಒಡ್ಡು ಹುಟ್ಟುತ್ತದೆ. ಮುಂದಿನ ವರ್ಷ ಆ ಒಡ್ಡಿನ ಮೇಲೆ ಮತ್ತಷ್ಟು ಜಾಲಿ.

ಬಾಂದಾರಗಳ ವಿಚಾರ ನಮ್ಮಲ್ಲಿ ಕೆಲವರಿಗೆ ಹಿಡಿಸಲಾರದು, ಆದರೂ ಹೇಳಲೇಬೇಕು. ಬೇಸಿಗೆಗೆ ನೀರು ನಿಲ್ಲಿಸಲು ಬಾಂದಾರ ಬೇಕು, ಸರಿ. ಅದರ ಹಲಗೆಗಳನ್ನು ಮಳೆಗಾಲಕ್ಕೆ ಮುಂಚೆ ತೆಗೆಯಬೇಕು. ತೆಗೆಯದೆ ಬಿಟ್ಟರೆ, ಇಲ್ಲವೇ ತೆಗೆಯಲು ಬಾರದಂತೆ ತುಕ್ಕು ಹಿಡಿಸಿದರೆ, ಹೊಳೆ ಬಾಂದಾರವನ್ನು ಸುತ್ತಿಕೊಂಡು ಬದಿಯ ಹೊಲ ಕೊರೆದು ಹೊಸ ದಾರಿ ಮಾಡುತ್ತದೆ. ರಸ್ತೆಗಳದ್ದೂ ಇದೇ ಗೋಳು: ಎತ್ತರಿಸಿದ ಏರಿ, ಕೆಳಗೆ ಎರಡು ಪೈಪು. ರಸ್ತೆಗೆ ನೀರು ಹತ್ತಬಾರದು ಎಂದು ಎತ್ತರಿಸಿದರು, ಆ ನೀರನ್ನು ಊರಿಗೆ ಹತ್ತಿಸಿದರು.

ಉಸುಕಿನ ಬಗ್ಗೆ ಒಂದು ವಾದ ಕೇಳಿಬರುತ್ತದೆ, ಉಸುಕು ತೆಗೆದರೆ ಹೊಳೆ ಆಳವಾಗುತ್ತದೆ, ಒಳ್ಳೆಯದೇ ಅಲ್ಲವೇ ಎಂದು. ಟ್ರ್ಯಾಕ್ಟರು ಹೋಗುವ ಕಡೆ ಮಾತ್ರ ಗುಂಡಿ ಬೀಳುತ್ತದೆ, ಹೊಳೆ ಉದ್ದಕ್ಕೂ ಆಳವಾಗುವುದಿಲ್ಲ. ಗುಂಡಿಯ ಪಕ್ಕದ ದಂಡೆ ಕುಸಿಯುತ್ತದೆ, ಸೇತುವೆಯ ಕಾಲು ಬರಿದಾಗುತ್ತದೆ, ಬೇಸಿಗೆಯಲ್ಲಿ ಬಾವಿಗೆ ಸೆಲೆ ಕೊಡುತ್ತಿದ್ದ ಉಸುಕಿನ ತೇವವೂ ಹೋಗುತ್ತದೆ. ಮಾರಿದವನಿಗೆ ರೊಕ್ಕ, ಉಳಿದವರಿಗೆ ಮಡು.

ಈಗ ಡ್ಯಾಮಿಗೆ ಬರೋಣ. ಮಹಾಪೂರ ಬಂದಾಗಲೆಲ್ಲ ಕಟ್ಟೆಯ ಮೇಲೆ ಮೊದಲು ಬರುವ ಮಾತು ಒಂದೇ: ‘ಡ್ಯಾಮಿನವರು ಒಮ್ಮೆಲೇ ಬಿಟ್ಟುಬಿಟ್ಟರು.’ ಇದರಲ್ಲಿ ಅರ್ಧ ನಿಜ ಇದೆ. ಆ ಅರ್ಧವನ್ನು ಬಿಡುವುದೂ ಬೇಡ, ಪೂರ್ತಿ ಮಾಡಿಕೊಳ್ಳುವುದೂ ಬೇಡ.

ನವಿಲುತೀರ್ಥ ಜಲಾಶಯ ಹಿಡಿಯುವುದು 37.73 ಟಿಎಂಸಿ, ಪೂರ್ಣ ಮಟ್ಟ 2,079.50 ಅಡಿ. ಮಟ್ಟ ಮುಟ್ಟಲು ಇನ್ನು 5 ಟಿಎಂಸಿ ಮಾತ್ರ ಖಾಲಿ ಇದೆ ಅನ್ನಿ. ಒಳಗೆ ಲಕ್ಷ ಕ್ಯುಸೆಕ್ ಬರತೊಡಗಿದರೆ ಆ ಜಾಗ ತುಂಬಲು 14 ತಾಸು ಸಾಕು. ಸಂಜೆ ಆರಕ್ಕೆ ಶುರುವಾದರೆ ಬೆಳಗ್ಗೆ ಎಂಟಕ್ಕೆ ಮುಗಿಯಿತು. ಆಮೇಲೆ ಬಂದಷ್ಟನ್ನೂ ಬಿಡಲೇಬೇಕು, ಇಲ್ಲದಿದ್ದರೆ ಅಣೆಕಟ್ಟಿಗೇ ಗಂಡಾಂತರ. ಹಾಗಾದರೆ ಘಟ್ಟದಲ್ಲಿ ಮಳೆ ಜೋರಾಗುವ ಸೂಚನೆ ಸಿಕ್ಕಾಗಲೇ ಸ್ವಲ್ಪ ಸ್ವಲ್ಪ ಬಿಟ್ಟು ಹೊಟ್ಟೆ ಖಾಲಿ ಇಟ್ಟುಕೊಳ್ಳಬಾರದೇ? ಇಟ್ಟುಕೊಳ್ಳಬೇಕು. ಆದರೆ ಬಿಟ್ಟ ಮೇಲೆ ಮಳೆ ಕೈಕೊಟ್ಟರೆ? ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಅಲ್ಲಿಂದಲೇ ಹೋಗಬೇಕು, ನಮ್ಮ ಕಾಲುವೆಗೂ ಅಲ್ಲಿಂದಲೇ. ಆಗಸ್ಟ್ ಹತ್ತರಂದು ಡ್ಯಾಮು ಅರ್ಧ ಖಾಲಿ ಇದ್ದರೆ ಮೊದಲು ಮುಷ್ಕರ ಹೂಡುವವರು ನಾವೇ ಅಲ್ಲವೇ? ಅಧಿಕಾರಿಯ ಕುತ್ತಿಗೆಗೆ ಎರಡೂ ಕಡೆಯ ಹಗ್ಗ ನಮ್ಮದೇ.

ಇದಕ್ಕೆ ಮದ್ದು ಸಿಟ್ಟು ಅಲ್ಲ, ಬರೆದಿಟ್ಟ ನಿಯಮ. ಯಾವ ತಾರೀಖಿಗೆ ಡ್ಯಾಮಿನಲ್ಲಿ ಎಷ್ಟು ಅಡಿ ಇರಬೇಕು, ಒಳಹರಿವು ಎಷ್ಟಾದರೆ ಎಷ್ಟು ಬಿಡಬೇಕು ಅನ್ನುವ ಪಟ್ಟಿ ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಇರಬೇಕು. ದೇಶದಲ್ಲಿ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಇದೆ. ಇಂಥ ದೊಡ್ಡ ಅಣೆಕಟ್ಟುಗಳಿಗೆ ತುರ್ತು ಕ್ರಿಯಾ ಯೋಜನೆ ಇರಲೇಬೇಕು ಎಂದು ಅದು ಹೇಳುತ್ತದೆ. ಆ ಯೋಜನೆಯಲ್ಲಿ ನಿಮ್ಮ ಊರಿನ ಹೆಸರು ಇದೆಯೇ, ನಿಮ್ಮ ಊರಿಗೆ ನೀರು ಮುಟ್ಟಲು ಎಷ್ಟು ತಾಸು ಎಂದು ಬರೆದಿದೆಯೇ? ಕೇಳಿ.

ಡ್ಯಾಮಿನ ಮೇಲೆಯೇ ಎಲ್ಲ ಹೊರಿಸುವವರಿಗೆ ಇನ್ನೊಂದು ಅಂಕಿ. ಮಲಪ್ರಭೆಯ ಒಟ್ಟು ಜಲಾನಯನ ಸುಮಾರು 11,500 ಚದರ ಕಿಲೋಮೀಟರ್. ಅದರಲ್ಲಿ ಡ್ಯಾಮಿನ ಮೇಲ್ಭಾಗಕ್ಕೆ ಸೇರಿದ್ದು ಕಾಲು ಭಾಗಕ್ಕಿಂತ ಕಡಿಮೆ. ಉಳಿದ ಮುಕ್ಕಾಲು ಪಾಲಿನ ಮಳೆ ಡ್ಯಾಮಿನ ಗೇಟನ್ನು ಕಾಣದೆ ನೇರವಾಗಿ ನಮ್ಮ ಹಳ್ಳಗಳಲ್ಲಿ ಬರುತ್ತದೆ. 2009ರಲ್ಲಿ ಬಯಲಿನ ಊರುಗಳು ಮುಳುಗಿದ್ದಕ್ಕೆ ಗೇಟಿನ ಮುಂದೆ ಧರಣಿ ಕೂತರೆ ಬೆಣ್ಣಿಹಳ್ಳ ನಗುತ್ತದೆ.

ಬೇರೆಯವರ ಕಡೆ ಬೆರಳು ತೋರಿಸುವ ಚಟ ನಮಗೊಬ್ಬರಿಗೇ ಅಲ್ಲ. ಕೃಷ್ಣೆಯ ಮೇಲೆ ಸಾಂಗ್ಲಿ, ಕೊಲ್ಲಾಪುರ ಮುಳುಗಿದಾಗ ಅಲ್ಲಿಯವರು ಆಲಮಟ್ಟಿಯ ಹೆಸರು ಹೇಳುತ್ತಾರೆ, ಚಿಕ್ಕೋಡಿ, ಅಥಣಿ ಮುಳುಗಿದಾಗ ನಮ್ಮವರು ಕೊಯ್ನಾದ ಹೆಸರು. 2019ರ ನಂತರ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡನೇರೆ ಸಮಿತಿ ಸಾಂಗ್ಲಿ-ಕೊಲ್ಲಾಪುರದ ನೆರೆಗೆ ಆಲಮಟ್ಟಿ ಕಾರಣವಲ್ಲ ಎಂದಿತು. ವಿಪರೀತ ಮಳೆಯ ಜೊತೆಗೆ ನದಿಪಾತ್ರದ ಒತ್ತುವರಿಯನ್ನೂ ಎತ್ತಿ ಹೇಳಿತು. ಆದರೂ ಅಲ್ಲಿಯ ಭಾಷಣಗಳಲ್ಲಿ ಆಲಮಟ್ಟಿಯ ಹೆಸರು ಇನ್ನೂ ಓಡುತ್ತಲೇ ಇದೆ. ಗಡಿಯಾಚೆಯ ಡ್ಯಾಮನ್ನು ಬೈದರೆ ಊರಿನಲ್ಲಿ ಯಾರ ಮುಖವೂ ಕೆಡುವುದಿಲ್ಲ. ದಂಡೆಯ ಮೇಲಿನ ಒತ್ತುವರಿ ಎಂದರೆ ಪಕ್ಕದ ಮನೆಯ ಕಾಕಾನ ಮುಖ ಕೆಡುತ್ತದೆ.

ಆ ಕಾಕಾನ ಬಗ್ಗೆಯೂ ಮಾತಾಡೋಣ. ಒತ್ತುವರಿ ಅಂದ ಕೂಡಲೇ ಜೆಸಿಬಿ ತರಿಸಿ ಬಡವನ ಅರ್ಧ ಎಕರೆ ಮೊದಲು ಕೆಡವುವ ಆಟ ನಮಗೆ ಬೇಡ. ಅರ್ಧ ಎಕರೆಯವನಿಗೆ ಬೇರೆ ಕಡೆ ಜಮೀನು ಇಲ್ಲವೇ ಬದುಕಿಗೆ ದಾರಿ ಕೊಡಲಿ. ಹತ್ತು ಎಕರೆ ನುಂಗಿ ಅದಕ್ಕೆ ಒಡ್ಡು ಹಾಕಿ ಮೋಟಾರು ಕೂರಿಸಿದವರಿಂದ ತೆರವು ಶುರುವಾಗಲಿ. ಕಾನೂನು ಇದೆ: 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ನದಿ, ಹಳ್ಳಗಳ ಪಾತ್ರ ಸರ್ಕಾರದ ಸ್ವತ್ತು. 104ನೇ ಕಲಮು ಅಕ್ರಮವಾಗಿ ಕೂತವರನ್ನು ತೆರವು ಮಾಡಿಸಲು ಅಧಿಕಾರ ಕೊಡುತ್ತದೆ. ನಿಮ್ಮ ಉತಾರದಲ್ಲಿ ‘ಬ ಖರಾಬು’ ಎಂದು ಬರೆದಿದ್ದರೆ ಅದು ಹಳ್ಳ, ದಾರಿ, ಕೆರೆಯಂಥ ಸಾರ್ವಜನಿಕ ಜಾಗ, ಯಾರೊಬ್ಬರದೂ ಅಲ್ಲ. ಇನ್ನು ಹೊಳೆಯೇ ದಿಕ್ಕು ಬದಲಿಸಿ ನಿಮ್ಮ ಪಟ್ಟಾ ಜಮೀನಿನೊಳಗೆ ಬಂದ ಪ್ರಸಂಗಗಳೂ ಇವೆ. ಅಂಥವರನ್ನು ಒತ್ತುವರಿದಾರರು ಅನ್ನುವುದು ಅನ್ಯಾಯ. ಅದು ಗೊತ್ತಾಗಬೇಕಾದರೂ ಅಳತೆ ಆಗಲೇಬೇಕು.

ತಡೆಗೋಡೆ ಬೇಕು ಎಂದು ಕೂಗುವವರು ನಮ್ಮಲ್ಲೂ ಇದ್ದಾರೆ, ಚುನಾವಣೆಗೊಮ್ಮೆ ಭರವಸೆಯೂ ಸಿಗುತ್ತದೆ. ನಮ್ಮ ಒಪ್ಪಿಗೆ ಇಲ್ಲ. ಈಚೆ ದಂಡೆಗೆ ಗೋಡೆ ಕಟ್ಟಿದರೆ ಆಚೆ ದಂಡೆಯ ಊರು ಮುಳುಗುತ್ತದೆ. ಎರಡೂ ಕಡೆ ಕಟ್ಟಿದರೆ ಕೆಳಗಿನ ಊರಿಗೆ ಇನ್ನೂ ಎತ್ತರದ ನೀರು ಹೋಗುತ್ತದೆ. ಗೋಡೆಯ ಹಿಂದೆ ಬಿದ್ದ ಮಳೆ ಹೊಳೆಗೆ ಹೋಗಲಾರದೆ ಊರೊಳಗೇ ನಿಲ್ಲುತ್ತದೆ. ಗೋಡೆಯಿಂದ ಖಂಡಿತವಾಗಿ ಬದುಕುವುದು ಗುತ್ತಿಗೆದಾರ ಮಾತ್ರ. ಒಂದೋ ಎರಡೋ ಕಡೆ, ಪಟ್ಟದಕಲ್ಲಿನಂಥ ಜಾಗದಲ್ಲಿ, ತಿಳಿದವರು ಯೋಚಿಸಿ ಏನಾದರೂ ಮಾಡುವುದು ಬೇರೆ ಮಾತು. ಚಾಲುಕ್ಯರು ಕಟ್ಟಿ 1,200 ವರ್ಷಕ್ಕೂ ಮೇಲಾದ, 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಆ ಗುಡಿಗಳ ಅಂಗಳಕ್ಕೆ 2009ರಲ್ಲೂ 2019ರಲ್ಲೂ ನೀರು ನುಗ್ಗಿತು. ಅದಕ್ಕೂ ಮೊದಲ ಮದ್ದು ಹೊಳೆಯನ್ನು ಅಗಲಿಸುವುದೇ.

ಆಸರೆ ಮನೆಗಳ ಕಥೆ ನಿಮಗೇ ಗೊತ್ತು. 2009ರ ನಂತರ ಊರಿಗೆ ಊರೇ ಎತ್ತರಕ್ಕೆ ಹೋಗಬೇಕೆಂದು ಕಟ್ಟಿದರು. ಕೆಲವರು ಹೋದರು. ಹಲವರು ಹೋಗಲಿಲ್ಲ: ದನಕ್ಕೆ ಕೊಟ್ಟಿಗೆ ಇಲ್ಲ, ಹೊಲ ದೂರ, ನೀರಿಲ್ಲ, ಹಕ್ಕುಪತ್ರ ಬರಲಿಲ್ಲ, ಎರಡು ಕೋಣೆಯಲ್ಲಿ ಮೂರು ಅಣ್ಣತಮ್ಮಂದಿರ ಸಂಸಾರ ಹಿಡಿಯಲಿಲ್ಲ. ಖಾಲಿ ಮನೆಗಳ ಸುತ್ತ ಜಾಲಿ ಬೆಳೆಯಿತು. ಜನರನ್ನು ದಡ್ಡರು ಎಂದು ಬೈಯುವುದು ಸುಲಭ. ರೈತನ ಮನೆ ಅಂದರೆ ಎತ್ತು, ಮೇವು, ಹಗೇವು, ಕಣ ಎಲ್ಲ ಸೇರಿ ಎಂದು ನಕ್ಷೆ ಬರೆದವರಿಗೆ ಹೊಳೆದಿದ್ದರೆ ಇವತ್ತು ಗಂಜಿ ಕೇಂದ್ರಗಳ ಸಂಖ್ಯೆ ಕಡಿಮೆ ಇರುತ್ತಿತ್ತು. ಮುಂದೆ ಯಾವ ಊರು ಸ್ಥಳಾಂತರವಾಗಬೇಕಾದರೂ ನಕ್ಷೆ ಗ್ರಾಮಸಭೆಯಲ್ಲಿ ಹೆಂಗಸರ ಮುಂದೆ ಬಿಚ್ಚಬೇಕು. ಕೊಟ್ಟಿಗೆ ಎಲ್ಲಿ ಎಂದು ಮೊದಲು ಕೇಳುವವರು ಅವರೇ.

ಹೊಳೆಯ ಬಯಲಿನಲ್ಲಿ ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಪೀಕು ಮಾತ್ರ ತೆಗೆಯಬಹುದು, ಎಲ್ಲಿ ಏನನ್ನೂ ಮಾಡಬಾರದು ಎಂದು ವಲಯ ಹಾಕುವ ಮಾದರಿ ಮಸೂದೆಯನ್ನು ಕೇಂದ್ರ ಸರ್ಕಾರ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ 1978ರಲ್ಲಿ ಕಾಯ್ದೆ ಮಾಡಿತು, ರಾಜಸ್ಥಾನ 1990ರಲ್ಲಿ. ಮರುಭೂಮಿಯ ರಾಜ್ಯಕ್ಕೆ ತೋಚಿದ್ದು ಕೃಷ್ಣೆ, ಭೀಮೆ, ತುಂಗಭದ್ರೆ, ಕಾವೇರಿ ಇರುವ ನಮ್ಮ ರಾಜ್ಯಕ್ಕೆ ಇನ್ನೂ ತೋಚಿಲ್ಲ. ಓಟು ಕೇಳಲು ಬಂದವರಿಗೆ ಈ ಪ್ರಶ್ನೆ ಹಾಕಿ, ಉತ್ತರ ಕೊಡುವವರೆಗೆ ಚಹಾ ಕೊಡಬೇಡಿ.

ಈಗ ಮಾಡಬೇಕಾದ ಕೆಲಸ!

ಗ್ರಾಮಸಭೆ ವರ್ಷಕ್ಕೆ ಎರಡು ಸಲವಾದರೂ ನಡೆಯಬೇಕು. ಮನೆ, ಶೌಚಾಲಯದ ಫಲಾನುಭವಿ ಪಟ್ಟಿ ಓದಿ ಮುಗಿಸಿ ಎದ್ದುಹೋಗುವ ಸಭೆ ಅದಲ್ಲ. ಮುಂಗಾರಿಗೆ ಮುಂಚಿನ ಸಭೆಯಲ್ಲಿ ಎದ್ದು ನಿಂತು ಈ ಠರಾವು ಬರೆಸಿ: ನಮ್ಮ ಊರಿನ ಸರಹದ್ದಿನಲ್ಲಿ ಮಲಪ್ರಭೆಯ ಎರಡೂ ದಂಡೆಯನ್ನು, ಹಳ್ಳಗಳನ್ನು ಮೂಲ ನಕಾಶೆಯ ಪ್ರಕಾರ ಭೂಮಾಪಕರಿಂದ ಅಳೆಸಿ ಕಲ್ಲು ನೆಡಬೇಕು. ಅಳತೆಯ ದಿನ ಊರಿಗೆ ಡಂಗುರ ಹೊಡೆಸಬೇಕು. ಠರಾವಿನ ನಕಲು ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗೆ ಹೋಗಬೇಕು, ನಿಮ್ಮ ಕೈಗೂ ಒಂದು ಬರಬೇಕು. ಗ್ರಾಮ ನಕಾಶೆಗಳನ್ನು ಭೂದಾಖಲೆ ಇಲಾಖೆ ಜಾಲತಾಣದಲ್ಲೂ ಹಾಕಿದೆ. ಕಾಲೇಜಿಗೆ ಹೋಗುವ ಹುಡುಗ, ಹುಡುಗಿಯರಿಗೆ ಹೇಳಿದರೆ ಇಳಿಸಿ ಪ್ರಿಂಟು ತೆಗೆದುಕೊಡುತ್ತಾರೆ.

ಬಾಂದಾರದ ಹಲಗೆ ಮೇ ತಿಂಗಳ ಒಳಗೆ ತೆಗೆಯಬೇಕು, ಪಾತ್ರದ ಒಳಗಿನ ಜಾಲಿ ಬುಡಸಮೇತ ಕೀಳಬೇಕು. ಕಡಿದರೆ ಸಾಲದು, ಬುಡದಿಂದ ದುಪ್ಪಟ್ಟು ಚಿಗುರುತ್ತದೆ. ದಂಡೆಯ ಮೇಲಿನ ಹೊಂಗೆ, ಮತ್ತಿ, ಬಿದಿರು ಮುಟ್ಟಬೇಡಿ, ಮಣ್ಣು ಹಿಡಿದಿರುವುದು ಅವೇ. ಬದು, ಕೃಷಿ ಹೊಂಡಕ್ಕೆ ಉದ್ಯೋಗ ಖಾತ್ರಿಯ ಕೂಲಿ ಕೇಳಿ. ಬೆಣ್ಣಿಹಳ್ಳಕ್ಕೆ ಓಡುವ ನೀರನ್ನು ಹೊಲದಲ್ಲೇ ಅರ್ಧ ದಿನ ತಡೆದರೂ ಕೆಳಗಿನ ಊರಿಗೆ ಅಷ್ಟು ತಾಸು ಸಿಕ್ಕಂತೆ.

ಇನ್ನು ಎಚ್ಚರಿಕೆಯ ಮಾತು. ಮೊಬೈಲಿಗೆ ಸಂದೇಶ ಬರುತ್ತದೆ: ‘ಜಲಾಶಯದಿಂದ 50,000 ಕ್ಯುಸೆಕ್ ಹೊರಬಿಡಲಾಗುವುದು, ನದಿತೀರದ ಜನ ಎಚ್ಚರದಿಂದಿರಬೇಕು.’ ಎಚ್ಚರದಿಂದಿರುವುದು ಅಂದರೆ ಏನು ಮಾಡುವುದು? 50,000 ಕ್ಯುಸೆಕ್ ಅಂದರೆ ನಮ್ಮ ಹನಮಂತದೇವರ ಗುಡಿಯ ಎಷ್ಟನೇ ಮೆಟ್ಟಿಲು? ಸಾಲಿಯ ಕಿಟಕಿಯೋ, ಬಾಗಿಲ ಹೊಸ್ತಿಲೋ? ಪ್ರತಿ ಊರಿನಲ್ಲೂ ಎಲ್ಲರಿಗೂ ಕಾಣುವ ಒಂದು ಕಂಬಕ್ಕೆ ಬಣ್ಣದ ಗೆರೆ ಎಳೆಸಿ: ಇಷ್ಟು ಕ್ಯುಸೆಕ್‌ಗೆ ನೀರು ಇಲ್ಲಿಗೆ, ಇಷ್ಟಕ್ಕೆ ಇಲ್ಲಿಗೆ, ಡ್ಯಾಮಿನಿಂದ ಬಿಟ್ಟ ಇಷ್ಟು ತಾಸಿಗೆ. 2009ರ ಗುರುತು, 2019ರ ಗುರುತು ಹಿರಿಯರಿಗೆ ನೆನಪಿದೆ, ಗೋಡೆಗಳ ಮೇಲೂ ಇನ್ನೂ ಇರಬಹುದು. ಸುಣ್ಣ ಹೊಡೆಯುವ ಮೊದಲು ಅಲ್ಲೊಂದು ಮೊಳೆ ಹೊಡೆಯಿರಿ. ಇದಕ್ಕೆ ಕೋಟಿ ಬೇಡ, ಒಂದು ಡಬ್ಬಿ ಬಣ್ಣ ಸಾಕು.

ಇಲಾಖೆಗಳು ಬಾಯಿ ಬಿಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿಗೆ 10 ರೂಪಾಯಿ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು. ನಾಲ್ಕು ಪ್ರಶ್ನೆ ಇದ್ದರೆ ನಾಲ್ಕು ಜನ ಒಂದೊಂದು ಹಾಕಿ: ಒಬ್ಬರು ಡ್ಯಾಮಿನ ತುರ್ತು ಯೋಜನೆ ಕೇಳಲಿ, ಒಬ್ಬರು ಹೊಳೆಯ ಅಳತೆ ಕೊನೆಗೆ ಯಾವಾಗ ಆಯಿತು ಎಂದು, ಇನ್ನೊಬ್ಬರು ಬಾಂದಾರದ ಹಲಗೆ ತೆಗೆದ ದಿನಚರಿ, ಮತ್ತೊಬ್ಬರು ನಿಮ್ಮ ಊರಿನ ಆಸರೆ ಮನೆಗಳ ಹಕ್ಕುಪತ್ರದ ಸ್ಥಿತಿ. ಬರೆಯಲು ಬಾರದವರಿಗೆ ಬರೆದುಕೊಡಲು ಅರ್ಜಿ ಸ್ವೀಕರಿಸುವ ಅಧಿಕಾರಿಯೇ ನೆರವಾಗಬೇಕು ಎಂದು ಕಾಯ್ದೆಯಲ್ಲೇ ಇದೆ.

ಗ್ರಾಮಸಭೆಗೆ ಬರುವಾಗ ಹೊಳೆಗೆ ಹತ್ತಿದ ಹೊಲದ ಉತಾರ, ಮಹಾಪೂರದ ಹಳೆಯ ಫೋಟೊ, ಪರಿಹಾರದ ಕಾಗದಪತ್ರ ಇದ್ದರೆ ತನ್ನಿ. ಹೊಳೆ ಮೊದಲು ಎಲ್ಲಿಯವರೆಗೆ ಹರಿಯುತ್ತಿತ್ತು ಎಂದು ಬಲ್ಲ ಅಜ್ಜ, ಅಜ್ಜಿಯರನ್ನು ಸೈಕಲ್ ಮೋಟಾರಿನ ಮೇಲೆ ಕೂರಿಸಿಕೊಂಡಾದರೂ ಕರೆತನ್ನಿ. ಸಭೆ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ದಂಡೆಗೆ ಹೋಗಿ ಅವರು ತೋರಿಸಿದಲ್ಲಿ ಗೂಟ ಹೊಡೆಯೋಣ. ಸರ್ಕಾರಿ ಕಲ್ಲು ಬರುವವರೆಗೆ ಆ ಗೂಟವೇ ನಮ್ಮ ಗಡಿ.

ಓದಿಯಾದ ಮೇಲೆ ಈ ಕಾಗದವನ್ನು ಚುನಮರಿ ಕಟ್ಟಲು ಕೊಡಬೇಡಿ. ಆಚೆ ದಂಡೆಯ ಊರಿನ ಬೀಗರಿಗೆ ಮುಟ್ಟಿಸಿ, ಅಳತೆ ಆ ಕಡೆಯೂ ಅದೇ ವಾರ ಆಗಬೇಕು.

ಮಲಪ್ರಭೆ, ಬೆಣ್ಣಿಹಳ್ಳದ ದಂಡೆಯ ರೈತರು, ಕೂಲಿಕಾರರು, ಹೆಣ್ಣುಮಕ್ಕಳು